ಹನ್ನೆರಡರ ಮೇಲೆ ಎಷ್ಟು

ಟೆನಿಸ್‌ನಲ್ಲಿ ಒಂದು ಸೆಟ್ ಹನ್ನೊಂದು ಗೇಮಿಗೆ ಮುಗಿಯುವುದೇ ಇಲ್ಲ. ಆರು, ಏಳು, ಎಂಟು, ಒಂಬತ್ತು, ಹತ್ತು, ಇಷ್ಟಕ್ಕೆ ಮುಗಿಯಬಹುದು; ಬಿಟ್ಟರೆ ಹನ್ನೆರಡಕ್ಕೋ ಹದಿಮೂರಕ್ಕೋ. ಹನ್ನೊಂದಕ್ಕೆ ಮಾತ್ರ ಆಗದು. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಒಂದು ಮಧ್ಯಾಹ್ನ ಬೀನ್ಸ್ ಮುರಿಯುತ್ತ ಟಿವಿ ಮುಂದೆ ಕೂತಿದ್ದಾಗ ತಾನಾಗಿ ಹೊಳೆಯಿತು. ಆರು–ಐದು ಆಯಿತು ಅನ್ನಿ, ಸೆಟ್ ಗೆಲ್ಲಲು ಎರಡು ಗೇಮಿನ ಅಂತರ ಬೇಕು. ಮುಂದಿದ್ದವಳು ಇನ್ನೊಂದು ಗೆದ್ದರೆ ಏಳು–ಐದು, ಒಟ್ಟು ಹನ್ನೆರಡು. ಹಿಂದಿದ್ದವಳು ಗೆದ್ದರೆ ಆರು–ಆರು, ಅಲ್ಲಿಂದ ಟೈಬ್ರೇಕ್, ಅದೂ ಲೆಕ್ಕಕ್ಕೆ ಒಂದೇ ಗೇಮು, ಒಟ್ಟು ಹದಿಮೂರು. ಹನ್ನೊಂದರಲ್ಲಿ ನಿಲ್ಲುವುದಕ್ಕೆ ಆಟದ ನಿಯಮ ಬಿಡುವುದಿಲ್ಲ.

ಸಂಜೆ ಅಂಗಡಿ ಮುಚ್ಚಿ ಬಂದ ನಮ್ಮ ಯಜಮಾನರಿಗೆ ಇದನ್ನು ಹೇಳಿದೆ. "ಅದಕ್ಕೇನೀಗ?" ಅಂದರು. ಇಂಥ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇನೂ ಇಲ್ಲ, ಗೊತ್ತಾಯಿತು, ಅಷ್ಟೇ. ಗೊತ್ತಾಗುವುದರಲ್ಲೇ ಒಂದು ಸುಖ ಇರುತ್ತದೆ ಅನ್ನುವುದು ಪಂಪು, ಪೈಪು ಮಾರುವವರಿಗೆ ಹೇಗೆ ತಿಳಿಸುವುದು? ಎರಡು ದಿನ ಅವರ ಹತ್ತಿರ ಮಾತೇ ಆಡಲಿಲ್ಲ.

ಶಿಕಾರಿಪುರದಲ್ಲಿ ಐವತ್ತು ದಾಟಿದ ಹೆಂಗಸೊಬ್ಬಳು ಮಧ್ಯಾಹ್ನ ಟೆನಿಸ್ ನೋಡುತ್ತಾಳೆ ಅಂದರೆ ಜನ ನಗುತ್ತಾರೆ. ನಗಲಿ. ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಹಾಲಿಗೆ ವಿಷ ಹಾಕುವುದನ್ನು ಬಾಯಿ ಬಿಟ್ಟುಕೊಂಡು ನೋಡುವವರನ್ನು ಕಂಡರೆ ಯಾರೂ ನಗುವುದಿಲ್ಲ. ಹೈಸ್ಕೂಲಿನಲ್ಲಿ ನಾನು ಬಾಲ್ ಬ್ಯಾಡ್ಮಿಂಟನ್ ಆಡಿದವಳು. ಬಲೆ ಕಟ್ಟಿ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತರೆಂದರೆ ಅದು ಎಂಥ ಆಟವೇ ಇರಲಿ, ನನ್ನ ಕಣ್ಣು ಅಲ್ಲೇ ಅಂಟಿಕೊಳ್ಳುತ್ತದೆ. ಯಜಮಾನರು ಕ್ರಿಕೆಟ್ಟಿಗೆಂದು ಹಾಕಿಸಿದ ಚಾನಲ್ಲುಗಳಲ್ಲಿ ಕ್ರಿಕೆಟ್ ಇಲ್ಲದ ಹೊತ್ತಿನಲ್ಲಿ ಟೆನಿಸ್ ಬರುತ್ತಿತ್ತು. ಅದೇ ನನ್ನ ಪಾಲಿಗೆ ಬಂತು.

ಅವರು ಅಂಗಡಿಯಿಂದ ಊಟಕ್ಕೆ ಬಂದು ನಾಲ್ಕರವರೆಗೆ ಮನೆಯಲ್ಲೇ ಇರುತ್ತಾರೆ. ಆ ಹೊತ್ತಿಗೆ ನಾವಿಬ್ಬರೂ ಒಂದು ಪಂದ್ಯ ಕಟ್ಟುವುದು ಶುರುವಾಯಿತು. ಆಟಗಾರರು ಇಬ್ಬರೂ ಒಂದೊಂದು ಸಲ ಸರ್ವ್ ಮಾಡುವವರೆಗೆ ನೋಡುವುದು, ಆಮೇಲೆ ಈ ಆಟ ಒಟ್ಟು ಎಷ್ಟು ಗೇಮಿಗೆ ಮುಗಿಯುತ್ತದೆ ಅಂತ ಇಬ್ಬರೂ ಹೇಳುವುದು. ಯಾರ ಅಂಕಿ ದೂರವೋ ಅವರು ಊಟದ ಪಾತ್ರೆ ತೊಳೆಯಬೇಕು. ಮೊದಲ ದಿನವೇ ಯಜಮಾನರು, ಒಬ್ಬಳು ತೀರ ಸೋತುಹೋಗುವ ಹಾಗೆ ಕಂಡಳೆಂದು, "ಹತ್ತು" ಅಂದುಬಿಟ್ಟರು. ಗೆಲ್ಲಲು ಎರಡು ಸೆಟ್ ಬೇಕು, ಒಂದೂ ಗೇಮು ಬಿಡದೆ ಎರಡನ್ನೂ ಬಾಚಿದರೂ ಆರು ಮತ್ತು ಆರು ಹನ್ನೆರಡು ಆಗಲೇಬೇಕಲ್ಲ? ನಾನು ಬಿಡಲಿಲ್ಲ. ಅಂದಿನಿಂದ ಪ್ರತಿ ಆಟಕ್ಕೂ ಮೊದಲು ಅವರನ್ನು ಚುಚ್ಚುವುದಕ್ಕೆಂದೇ ಗಟ್ಟಿಯಾಗಿ ಹೇಳುತ್ತಿದ್ದೆ: "ಹನ್ನೆರಡಕ್ಕಂತೂ ಕಮ್ಮಿ ಇಲ್ಲ. ಈಗ ಹೇಳ್ರಿ."

ಈ ಊಹೆಯ ಆಟ ನೋಡಲು ಸುಲಭ, ಆದರೆ ಕೈಗೆ ಸಿಗುವುದಿಲ್ಲ. ಹೆಚ್ಚು ಹೊತ್ತು ನಡೆದರೆ ಹೆಚ್ಚು ಗೇಮು ಅಂದುಕೊಂಡಿದ್ದೆ. ಹಾಗಿಲ್ಲ. ಸಮಬಲ ಆಗಿ, ಒಂದು ಮುಂದಾಗಿ, ಮತ್ತೆ ಸಮ ಆಗಿ ಒಂದೇ ಗೇಮು ಕಾಲು ಗಂಟೆ ಎಳೆದರೂ ಲೆಕ್ಕಕ್ಕೆ ಒಂದೇ. ಮೂರು ಸೆಟ್ ಆದರೆ ಎರಡು ಸೆಟ್ಟಿಗಿಂತ ಹೆಚ್ಚು ಅಂದುಕೊಂಡಿದ್ದೆ. ಅದೂ ಇಲ್ಲ. ಆರು–ಒಂದು, ಎರಡು–ಆರು, ಆರು–ಎರಡು ಆದರೆ ಮೂರು ಸೆಟ್ಟಿಗೂ ಸೇರಿ ಇಪ್ಪತ್ತಮೂರೇ. ಅದೇ ಎರಡೂ ಸೆಟ್ ಟೈಬ್ರೇಕಿಗೆ ಹೋದರೆ ಎರಡರಲ್ಲೇ ಇಪ್ಪತ್ತಾರು. ಸರ್ವ್ ಗಟ್ಟಿ ಇರುವ ಇಬ್ಬರು ಎದುರುಬದುರಾದರೆ ಒಬ್ಬರ ಸರ್ವಿನ ಗೇಮನ್ನು ಇನ್ನೊಬ್ಬರು ಕಸಿಯಲಾಗದೆ ಲೆಕ್ಕ ಏರುತ್ತದೆ, ಅದರಲ್ಲೂ ಹುಲ್ಲಿನ ಅಂಕಣದಲ್ಲಿ. ಕೆಂಪು ಮಣ್ಣಿನಲ್ಲಿ ಚೆಂಡು ನಿಧಾನ, ಅಲ್ಲಿ ಕಸಿಯುವುದು ಸಲೀಸು. ಇಷ್ಟೆಲ್ಲ ತಿಳಿದುಕೊಂಡ ಮೇಲೂ ವಾರಕ್ಕೆ ಮೂರು ದಿನ ಪಾತ್ರೆ ನನ್ನ ತಲೆಗೇ ಬರುತ್ತಿತ್ತು. ಯಜಮಾನರು ಏನೂ ಯೋಚಿಸದೆ ಯಾವಾಗಲೂ "ಇಪ್ಪತ್ತೊಂದು" ಅನ್ನುತ್ತಿದ್ದರು. ಆ ಸೋಮಾರಿ ಇಪ್ಪತ್ತೊಂದು ನನ್ನ ಎಷ್ಟೋ ಒಳ್ಳೊಳ್ಳೆಯ ಊಹೆಗಳನ್ನು ಮಣ್ಣು ಮಾಡಿತು. ಯಾಕೆ ಹಾಗೆ ಅನ್ನುವುದು ನನಗೆ ಇವತ್ತಿಗೂ ಪೂರ್ತಿ ಬಗೆಹರಿದಿಲ್ಲ.

ಇದೆಲ್ಲ ನಡೆಯುವಾಗ ಟಿವಿ ಕೋಣೆಯಲ್ಲಿ ಮೂರನೆಯವರೊಬ್ಬರು ಇದ್ದರು. ನಮ್ಮ ಮಾವ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕೂತಿರುತ್ತಿದ್ದರು. ಆ ಬೇಸಿಗೆಯ ಶುರುವಿನಲ್ಲಿ ಅವರಿಗೆ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಊಟ ಆಯಿತಾ ಅಂದರೂ ತಲೆ ಆಡಿಸುತ್ತಿದ್ದರು, ಊಟ ಆಗಿಲ್ಲವಾ ಅಂದರೂ ತಲೆ ಆಡಿಸುತ್ತಿದ್ದರು. ಶಿವಮೊಗ್ಗದ ಡಾಕ್ಟರು ಎರಡು ಬೆರಳು ಎತ್ತಿ ತೋರಿಸಿ ಇದು ಎಷ್ಟು ಅಂತ ಕೇಳಿದಾಗ ಎಡಗೈಯ ಐದೂ ಬೆರಳು ಬಿಚ್ಚಿದರು. ಅಲ್ಲಿಂದ ಬಂದ ಮೇಲೆ ಮನೆಯಲ್ಲಿ ಎಲ್ಲರೂ ಒಂದು ತೀರ್ಮಾನಕ್ಕೆ ಬಂದೆವು, ಮಾವನಿಗೆ ಏನೂ ತಿಳಿಯುವುದಿಲ್ಲ ಅಂತ.

ತಿಳಿಯದವರ ಬಗ್ಗೆ ಅವರ ಎದುರಿಗೇ ಮಾತಾಡುವುದು ಎಷ್ಟು ಬೇಗ ರೂಢಿಯಾಗುತ್ತದೆ! ಮಾವನಿಗೆ ಒಬ್ಬ ಮಗ, ಒಬ್ಬಳು ಮಗಳು. ಮಗಳು, ಅಂದರೆ ನನ್ನ ನಾದಿನಿ, ಸೊರಬ ತಾಲೂಕಿನ ಉಳವಿಗೆ ಕೊಟ್ಟವಳು. ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸು ಹತ್ತಬೇಕು. ಅಷ್ಟು ದೂರದಿಂದ ಭಾನುವಾರ ಭಾನುವಾರ ಬರುತ್ತಿದ್ದಳು, ಬಂದಾಗೆಲ್ಲ ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಳು. ಯಜಮಾನರು ಒಪ್ಪುತ್ತಿರಲಿಲ್ಲ. ಗಂಡುಮಗ ಇರುವಾಗ ಅಪ್ಪ ಮಗಳ ಮನೆಯಲ್ಲಿ ಬಿದ್ದಿರುವುದೇ, ನಾಳೆ ಬಜಾರಿನಲ್ಲಿ ನಾನು ಹೇಗೆ ಮುಖ ಎತ್ತಿಕೊಂಡು ಓಡಾಡಲಿ ಅನ್ನುತ್ತಿದ್ದರು. ನಾನು ಯಜಮಾನರ ಕಡೆ. ಮರ್ಯಾದೆಯ ಮಾತಿಗಲ್ಲ. ಮಾವನಿಗೆ ಊಟ ಮಾಡಿಸುವುದು, ಮೈ ಒರೆಸುವುದು, ಗೋಡೆ ಹಿಡಿಸಿ ನಾಲ್ಕು ಹೆಜ್ಜೆ ನಡೆಸುವುದು ಎಲ್ಲ ನಾನೇ. ಮಾಡುತ್ತ ಮಾಡುತ್ತ ಅವರು ನನ್ನವರಾಗಿದ್ದರು. ಅವರನ್ನು ಬಿಟ್ಟುಕೊಡುವ ಮನಸ್ಸು ನನಗೆ ಇರಲಿಲ್ಲ. ಹೀಗೆ ಅಣ್ಣ ತಂಗಿ ಕಿತ್ತಾಡುವಾಗ ಮಾವ ನಡುವೆ ಕೂತು ಇಬ್ಬರಿಗೂ ತಲೆ ಆಡಿಸುತ್ತಿದ್ದರು.

ಮಾವ ದನದ ದಲ್ಲಾಳಿಯಾಗಿದ್ದವರು. ಉಡುತಡಿ ಕಡೆಯವರು, ಈಸೂರಿನವರು, ಆಚೆ ಹಿರೇಕೆರೂರಿನವರು ಎತ್ತು ಕೊಳ್ಳಬೇಕೆಂದರೆ ಇವರನ್ನು ಕರೆದುಕೊಂಡು ಹೋಗುತ್ತಿದ್ದರು. ದನದ ಸಂತೆಯಲ್ಲಿ ಬೆಲೆ ಕುದುರಿಸುವ ರೀತಿಯೇ ಬೇರೆ. ಇಬ್ಬರು ಎದುರುಬದುರು ನಿಂತು ಕೈ ಕೈ ಹಿಡಿದು ಮೇಲೆ ಟವೆಲ್ ಮುಚ್ಚುತ್ತಾರೆ. ಒಳಗೆ ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ನಾನು ಮದುವೆಯಾಗಿ ಬಂದ ಹೊಸದರಲ್ಲಿ, ಅದು ಹೇಗೆ ಮಾವ ಅಂತ ಕೇಳಿಬಿಟ್ಟಿದ್ದೆ. ಆಗಿನ ಸೊಸೆಯರು ಅಂಥದ್ದನ್ನೆಲ್ಲ ಕೇಳುತ್ತಿರಲಿಲ್ಲ. ಮಾವ ನಕ್ಕು ತೋರಿಸಿಕೊಟ್ಟರು. ಒಂದು ಬೆರಳು ಹಿಡಿದರೆ ಒಂದು, ಎರಡು ಹಿಡಿದರೆ ಎರಡು, ಇಡೀ ಕೈ ಹಿಡಿದರೆ ಐದು. ಒಪ್ಪಿಗೆ ಅನ್ನುವುದಕ್ಕೆ ಎದುರಿನವರ ಅಂಗೈಗೆ ಹೆಬ್ಬೆರಳು ಒತ್ತುವುದು. ಬೇಡ ಅನ್ನುವುದಕ್ಕೆ ಎದುರಿನವರ ಬೆರಳುಗಳನ್ನು ಮಡಚಿ ಮುಷ್ಟಿ ಮಾಡುವುದು. ಒಳಗಿದ್ದ ಅತ್ತೆ ಇದನ್ನು ಕಂಡು, ಸೊಸೆಗೆ ದಲ್ಲಾಳಿ ವಿದ್ಯೆ ಕಲಿಸಿ ಸಂತೆಗೆ ಕಳಿಸ್ತೀರೇನು ಅಂತ ಮೂರು ದಿನ ಗೊಣಗಿದ್ದರು.

ಆ ಮಧ್ಯಾಹ್ನ ಹುಲ್ಲಿನ ಅಂಕಣದ ಆಟ ನಡೆಯುತ್ತಿತ್ತು. ಹುಡುಗಿಯರು ಇಬ್ಬರೂ ಒಂದೊಂದು ಸಲ ಸರ್ವ್ ಮಾಡಿ ಮುಗಿಸಿದ್ದರು. ನಾನು ಎಂದಿನಂತೆ ಹನ್ನೆರಡಕ್ಕಂತೂ ಕಮ್ಮಿ ಇಲ್ಲ ಅಂದೆ. ಯಜಮಾನರು ಇಪ್ಪತ್ತೊಂದು ಅಂದರು. ನಾನು ಇನ್ನೂ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಮಾವ ಹೆಗಲಿನ ಟವೆಲ್ ಎಳೆದು ತಮ್ಮ ಎಡಗೈ ಮೇಲೆ ಹೊದಿಸಿಕೊಂಡು ಆ ಕೈಯನ್ನು ನನ್ನ ಕಡೆ ಚಾಚಿದರು. ಯಜಮಾನರು ನೋಡಲಿಲ್ಲ. ನಾನು ಎದ್ದು ಹೋಗಿ ಟವೆಲಿನ ಕೆಳಗೆ ಕೈ ಇಟ್ಟೆ. ಇಡೀ ಕೈ ಒಮ್ಮೆ ಹಿಡಿದು ಬಿಟ್ಟರು. ಆಮೇಲೆ ನಾಲ್ಕು ಬೆರಳು ಹಿಡಿದರು. ಒಂಬತ್ತು.

"ಒಂಬತ್ತು ಅಂತಾರೆ ಕಣ್ರಿ" ಅಂದೆ. ಯಜಮಾನರು ತಿರುಗಿ ನೋಡಿದರು. ಒಂಬತ್ತಕ್ಕೆ ಯಾವ ಆಟವೂ ಮುಗಿಯುವುದಿಲ್ಲ ಅನ್ನುವುದನ್ನು ಈಗ ನನಗೇ ತಿರುಗಿಸಿ ಹೇಳಬಹುದಿತ್ತು. ಹೇಳಲಿಲ್ಲ. ಪಾಪ, ಬಿಡು ಅಂದರು. ಆ ಪಾಪ ಅನ್ನುವ ಮಾತು ನನಗೆ ಹಿಡಿಸಲಿಲ್ಲ. ಆಟ ಆರು–ಮೂರು, ಏಳು–ಐದಕ್ಕೆ ಮುಗಿಯಿತು. ಒಟ್ಟು ಇಪ್ಪತ್ತೊಂದು. ಯಜಮಾನರು ಗೆದ್ದು ನಿದ್ದೆ ಹೋದರು, ನಾನು ಪಾತ್ರೆಗೆ ಹೋದೆ.

ಅದಾದ ಮೇಲೆ ಮಾವ ದಿನಾ ಕೈ ಚಾಚತೊಡಗಿದರು. ಒಂದು ದಿನ ಎಲ್ಲರಿಗಿಂತ ಮೇಲಿರುವ ಒಬ್ಬಳಿಗೂ ಯಾರೋ ಹೊಸ ಹುಡುಗಿಗೂ ಆಟ. ಮಾವ ಎರಡೇ ಬೆರಳು ಹಿಡಿದರು. ಹುಡುಗಿ ಪಾಪ, ಆರು–ಒಂದು, ಆರು–ಎರಡಕ್ಕೆ ಮುಗಿದುಹೋದಳು. ಇನ್ನೊಂದು ದಿನ ಗಟ್ಟಿ ಸರ್ವಿನ ಇಬ್ಬರು ಎತ್ತರದ ಹುಡುಗಿಯರು. ಮಾವ ಐದು, ಮತ್ತೆ ಐದು, ಆಮೇಲೆ ನಾಲ್ಕು ಒತ್ತಿದರು. ಹದಿನಾಲ್ಕು. ಅದು ಏಳು–ಆರು, ಏಳು–ಐದಕ್ಕೆ ಹೋಯಿತು.

ಆವತ್ತು ಪಾತ್ರೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದೆ. ಬೇಗ ಮುಗಿದ ಆಟಕ್ಕೆ ಎರಡು ಅಂದಿದ್ದರು. ನಡುವಿನದಕ್ಕೆ ಒಂಬತ್ತು. ಎಳೆದಾಡಿದ್ದಕ್ಕೆ ಹದಿನಾಲ್ಕು. ಅಂಕಿಗಳು ಆಗುವಂಥವಲ್ಲ, ಸರಿ. ಆದರೆ ಸುಮ್ಮನೆ ಒತ್ತುವ ಕೈ ಆಟ ನೋಡಿಕೊಂಡು ಏರುವುದು, ಇಳಿಯುವುದು ಮಾಡುತ್ತದೆಯೇ? ಬೇರೆ ಯಾರಿಗಾದರೂ ಹೇಳಿದ್ದರೆ ಅದಕ್ಕೇನೀಗ ಅನ್ನುತ್ತಿದ್ದರು. ನನಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಹಾಲು ಉಕ್ಕಿಸಿದೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ರಾತ್ರಿ ಊಟಕ್ಕೆ ಬಡಿಸುವಾಗ ಯಜಮಾನರನ್ನು ಕೇಳಿದೆ. ಚಿಕ್ಕಂದಿನಲ್ಲಿ ಅವರು ಅಪ್ಪನ ಜತೆ ಸಂತೆಗೆ ಹೋಗುತ್ತಿದ್ದವರು. ಟವೆಲಿನ ಕೆಳಗೆ ಇಡೀ ಬೆಲೆಯನ್ನೂ ಬೆರಳಲ್ಲೇ ಎಣಿಸಿ ಹೇಳುತ್ತಾರಾ, ಬೆರಳು ಸೋಲುವುದಿಲ್ಲವಾ ಅಂದೆ. ಸಾರಿನ ಉಪ್ಪಿಗೆ ಮೊದಲೇ ಸಿಟ್ಟಾಗಿದ್ದರು.

"ಇಡೀ ಬೆಲೆ ಯಾಕೆ ಹೇಳ್ತಾರೆ? ಇದಕ್ಕಿಂತ ಕಮ್ಮಿ ಇಲ್ಲ ಅಂತ ಮೊದಲ ಮಾತು ಬಾಯಾಗೇ ಆಗಿರ್ತತಿ, ಎಲ್ಲರಿಗೂ ಕೇಳೋ ಹಂಗೆ" ಅಂದರು. "ಟವೆಲ್ ಕೆಳಗೆ ಒತ್ತೋದು ಅದರ ಮೇಲಿಂದು ಅಷ್ಟೇ."

ಬಡಿಸಲು ಎತ್ತಿದ ರೊಟ್ಟಿ ನನ್ನ ಕೈಯಲ್ಲೇ ಉಳಿಯಿತು. ಇದಕ್ಕಿಂತ ಕಮ್ಮಿ ಇಲ್ಲ. ದಿನಾ ಮಧ್ಯಾಹ್ನ ಆ ಮಾತನ್ನು ಗಟ್ಟಿಯಾಗಿ ಹೇಳುತ್ತಿದ್ದವಳು ನಾನೇ ಅಲ್ಲವೇ? ಹನ್ನೆರಡಕ್ಕಂತೂ ಕಮ್ಮಿ ಇಲ್ಲ! ಮಾವನ ಕಿವಿಗೆ ಅದು ಮೊದಲ ಮಾತು. ಅವರು ಒತ್ತುತ್ತಿದ್ದದ್ದು ಹನ್ನೆರಡರ ಮೇಲಿನದು. ಹನ್ನೆರಡರ ಮೇಲೆ ಎರಡು ಹದಿನಾಲ್ಕು, ಆಗಿದ್ದು ಹದಿನೈದು. ಹನ್ನೆರಡರ ಮೇಲೆ ಒಂಬತ್ತು ಇಪ್ಪತ್ತೊಂದು, ಆಗಿದ್ದೂ ಇಪ್ಪತ್ತೊಂದು. ಹನ್ನೆರಡರ ಮೇಲೆ ಹದಿನಾಲ್ಕು ಇಪ್ಪತ್ತಾರು, ಆಗಿದ್ದು ಇಪ್ಪತ್ತೈದು. ರೊಟ್ಟಿ ಹಾಕ್ತೀಯೋ ಇಲ್ವೋ ಅಂತ ಯಜಮಾನರು ಕೇಳುತ್ತಿದ್ದರು.

ಅವರಿಗೆ ಆಗಲೇ ಹೇಳಲಿಲ್ಲ. ಮೂರು ಆಟಕ್ಕೆ ಹೊಂದಿಕೊಂಡಿತು ಅಂದ ಮಾತ್ರಕ್ಕೆ ಹಿಗ್ಗಿ, ನಾಳೆ ಸುಳ್ಳಾದರೆ ಏನು ಗತಿ? ಅದು ನಿಜವಾಗಲಿ ಅಂತ ನನಗೆ ಎಷ್ಟು ಆಸೆಯಿತ್ತೆಂದರೆ, ಅದೇ ಆಸೆಗೆ ಹೆದರಿಕೆಯೂ ಆಗುತ್ತಿತ್ತು. ಮಾವನಿಗೆ ತಿಳಿಯುತ್ತದೆ ಅನ್ನುವುದಾದರೆ, ಇಷ್ಟು ತಿಂಗಳು ಅವರ ಎದುರಿಗೇ ನಾವು ಏನೇನು ಆಡಿದ್ದೇವೆ ಅನ್ನುವುದು ಬೇರೆ ನೆನಪಾಗತೊಡಗಿತು.

ಮರುದಿನ ಯಜಮಾನರು ಬೋರ್‌ವೆಲ್ಲಿಗೆ ಮೋಟರು ಇಳಿಸಲು ಶಿರಾಳಕೊಪ್ಪದ ಕಡೆ ಹೋಗಿದ್ದರು. ಮನೆಯಲ್ಲಿ ನಾನು, ಮಾವ ಇಬ್ಬರೇ. ಆಟ ಹತ್ತಿತು. ಎರಡು ಗೇಮು ಮುಗಿದ ಮೇಲೆ ನಾನು ಹನ್ನೆರಡಕ್ಕಂತೂ ಕಮ್ಮಿ ಇಲ್ಲ ಮಾವ ಅಂದೆ. ಟವೆಲ್ ಬಂತು. ಇಡೀ ಕೈ ಒಮ್ಮೆ, ಇಡೀ ಕೈ ಇನ್ನೊಮ್ಮೆ. ಹತ್ತು. ಅಂದರೆ ಇಪ್ಪತ್ತೆರಡು. ನಾನು ಕೈ ತೆಗೆಯಲಿಲ್ಲ. ಮತ್ತೆ ಹೇಳಿದೆ.

"ಅದಲ್ಲ ಮಾವ. ಇಪ್ಪತ್ತಕ್ಕೆ ಕಮ್ಮಿ ಇಲ್ಲ. ಈಗ ಹೇಳ್ರಿ."

ಮಾವ ನನ್ನ ಮುಖ ನೋಡಿದರು. ಇವಳಿಗೆ ಏನಾಗಿದೆ ಅನ್ನುವ ಹಾಗೆ ಹುಬ್ಬು ಗಂಟು ಹಾಕಿದರು. ಆಮೇಲೆ ನನ್ನ ಎರಡು ಬೆರಳು ಹಿಡಿದರು. ಎರಡೇ. ಹಿಡಿದು ಒಮ್ಮೆ ಅಲುಗಿಸಿ ಬಿಟ್ಟರು, ಇಷ್ಟೂ ಗೊತ್ತಾಗಲ್ವಾ ಅನ್ನುವ ಹಾಗೆ.

ನಾನು ಅಲ್ಲೇ ನೆಲಕ್ಕೆ ಕೂತು ಗೊಳೋ ಅಂತ ಅತ್ತೆ. ಸಂತೋಷಕ್ಕೋ, ನಾಚಿಕೆಗೋ, ಎರಡಕ್ಕೂ ಇರಬೇಕು. ಮಾವ ಟಿವಿ ನೋಡುತ್ತಿದ್ದರು. ಆ ದಿನದ ಅವರ ಲೆಕ್ಕ ಪೂರ್ತಿ ಸುಳ್ಳಾಯಿತು. ಆರು–ಏಳು, ಆರು–ನಾಲ್ಕು, ಏಳು–ಐದು ಆಗಿ ಮೂವತ್ತೈದಕ್ಕೆ ಮುಗಿಯಿತು. ಸುಳ್ಳಾಗಲಿ ಬಿಡಿ, ಅಷ್ಟು ತಪ್ಪು ನಾನು ವಾರಕ್ಕೆ ಮೂರು ಸಲ ಮಾಡುತ್ತೇನೆ.

ಭಾನುವಾರ ನಾದಿನಿ ಬಂದಳು. ಊಟ ಮುಗಿಯುತ್ತಿದ್ದಂತೆ ಅಣ್ಣ ತಂಗಿಯ ಅದೇ ಮಾತು ಶುರುವಾಯಿತು. ಅವಳು ಈ ಸಲ ಗಟ್ಟಿ ಮನಸ್ಸು ಮಾಡಿಕೊಂಡೇ ಬಂದಿದ್ದಳು. ನೀವಿಬ್ಬರೂ ಮಧ್ಯಾಹ್ನವೆಲ್ಲ ಟಿವಿ ಹಾಕಿ ಅಪ್ಪನನ್ನು ಗೊಂಬೆ ಹಾಗೆ ಕೂರಿಸ್ತೀರಿ, ನಮ್ಮನೇಲಿ ಕೊಟ್ಟಿಗೆ ತುಂಬ ದನ ಅದಾವೆ, ಮೊನ್ನೆ ಆಕಳು ಕರ ಹಾಕಿದೆ, ಅಂಗಳದಲ್ಲಿ ಕೂತರೆ ಅಪ್ಪನಿಗೂ ಹೊತ್ತು ಹೋಗುತ್ತೆ ಅಂದಳು. ಇಲ್ಲಿಯೂ ಕೊಟ್ಟಿಗೆ ಇತ್ತು. ಅದನ್ನು ಕೆಡವಿ ಪೈಪಿನ ಗೋಡೌನ್ ಮಾಡಿ ಎಷ್ಟೋ ವರ್ಷ ಆಗಿತ್ತು. ಯಜಮಾನರು, ಅಪ್ಪನಿಗೆ ಏನು ತಿಳೀತತಿ ಅಂತ ದನ ತೋರಿಸ್ತೀಯ ಅಂದುಬಿಟ್ಟರು.

ನನಗೆ ತಡೆಯಲಾಗಲಿಲ್ಲ. "ತಿಳೀತತಿ ಕಣ್ರಿ. ಎಲ್ಲಾ ತಿಳೀತತಿ. ಅವರನ್ನೇ ಕೇಳ್ರಿ" ಅಂದೆ.

ಹನ್ನೆರಡರ ಕಥೆ, ಇಪ್ಪತ್ತರ ಕಥೆ ಎಲ್ಲ ಹೇಳಿದೆ. ನಾದಿನಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಯಜಮಾನರು ನಂಬಲಿಲ್ಲ, ಆದರೆ ಎದ್ದು ಹೋಗಿ ತಾವೇ ಟವೆಲಿನ ಕೆಳಗೆ ಕೈ ಇಟ್ಟರು. ಮಾವ ಆ ಕೈಯನ್ನು ಮೆಲ್ಲಗೆ ಹೊರಗೆ ತಳ್ಳಿದರು. ಯಜಮಾನರ ಮುಖ ಸಣ್ಣದಾಯಿತು. ಮಗನ ಜತೆ ಟವೆಲ್ ಹಾಕುವ ಪದ್ಧತಿ ದಲ್ಲಾಳಿಗಳಲ್ಲಿ ಇಲ್ಲ, ಮನೆಯವರ ಜತೆ ವ್ಯಾಪಾರ ಇಲ್ಲ ಅಂತ ಅವರೇ ಹೇಳಿದರು. ನಾದಿನಿಯೂ ಮನೆಯವಳೇ. ಉಳಿದವಳು ನಾನು, ಬೇರೆ ಮನೆಯಿಂದ ಬಂದವಳು.

ನಾನು ಕೈ ಇಟ್ಟೆ. ಯಜಮಾನರು ಒಂದು ಪರೀಕ್ಷೆ ಮಾಡಿದರು. ನಾನು ಈ ಮನೆಗೆ ಬರುವ ಎಷ್ಟೋ ಮೊದಲು, ಅವರು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ, ಈಸೂರಿನ ಒಬ್ಬರಿಗೆ ಮಾವ ಒಂದು ಕೆಂದ ಎತ್ತಿನ ಜೋಡಿ ಕೊಡಿಸಿದ್ದರಂತೆ. ಅವಕ್ಕೆ ಆಗ ಎಷ್ಟು ಹಲ್ಲು ಅಂತ ಅಪ್ಪನನ್ನು ಕೇಳಿದರು. ಹಲ್ಲು ಎಣಿಸಿ ಎತ್ತಿನ ವಯಸ್ಸು ಹೇಳುತ್ತಾರೆ ಅನ್ನುವುದಷ್ಟೇ ನನಗೆ ಗೊತ್ತು. ಆ ಜೋಡಿಯ ಹೆಸರನ್ನೂ ನಾನು ಕೇಳಿರಲಿಲ್ಲ. ಮಾವ ತಡಮಾಡದೆ ನಾಲ್ಕು ಬೆರಳು ಹಿಡಿದರು.

"ನಾಲ್ಕು" ಅಂದೆ.

ಯಜಮಾನರು ಹತ್ತಿರದ ಸ್ಟೂಲಿನ ಮೇಲೆ ಕೂತರು. "ನಾಲ್ಕೇ, ನಾಲ್ಕೇ" ಅಂದರು. ಆಮೇಲೆ ತಂಗಿಯ ಮುಖ ನೋಡಿದರು, ನನ್ನ ಮುಖ ನೋಡಿದರು. "ಹಂಗಾದ್ರೆ ನೀನೇ ಕೇಳು. ಎಲ್ಲಿರ್ತೀರಿ ಅಂತ ಕೇಳು. ಅಪ್ಪ ಏನಂತಾನೋ ಅದು" ಅಂದರು.

ನಿಜ ಹೇಳುತ್ತೇನೆ, ನನಗೆ ಧೈರ್ಯವಿತ್ತು. ಇಷ್ಟು ತಿಂಗಳು ಅವರನ್ನು ಎತ್ತಿ ಇಳಿಸಿದ ಕೈ ಇದು. ಅವರ ಬೆರಳು ಕಂಡುಕೊಂಡವಳು ನಾನು. ಉತ್ತರ ಏನಿರಬಹುದು ಅನ್ನುವ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ಅದಕ್ಕೇ ಅಷ್ಟು ಜೋರಾಗಿ ಕೇಳಿ ಅಂದದ್ದು.

"ಮಾವ, ಇಲ್ಲೇ ಇರ್ತೀರೇನ್ರಿ, ನನ್ನ ಹತ್ರ?" ಅಂದೆ.

ಅವರ ಕೈ ಸುಮ್ಮನೆ ಇತ್ತು. ಬಿಸಿಯಾಗಿತ್ತು. ಆಮೇಲೆ ನನ್ನ ಕಿರುಬೆರಳು ಮಡಚಿದರು. ಅದರ ಪಕ್ಕದ್ದು ಮಡಚಿದರು. ಒಂದೊಂದೇ, ಅವಸರವಿಲ್ಲದೆ, ಐದೂ ಬೆರಳು ಮಡಚಿ ಮುಷ್ಟಿ ಮಾಡಿ ತಮ್ಮ ಕೈಯಲ್ಲಿ ಹಿಡಿದುಕೊಂಡರು.

ಬೇಡ. ಇನ್ನೊಂದು ಪ್ರಶ್ನೆ ಕೇಳಲೇಬೇಕಿತ್ತು. ಉಳವಿಗೆ ಹೋಗ್ತೀರಾ ಅಂತ ಕೇಳಿದೆ. ನನ್ನ ಮುಷ್ಟಿ ಬಿಡಿಸಿ ಅಂಗೈಗೆ ಹೆಬ್ಬೆರಳು ಒತ್ತಿದರು. ಗ್ರಹಚಾರಕ್ಕೆ ಎಷ್ಟು ಸ್ಪಷ್ಟವಾಗಿ ಒತ್ತಿದರು ಅಂದರೆ, ತಪ್ಪು ತಿಳಿದೆ ಅಂತ ನನಗೆ ನಾನೇ ಹೇಳಿಕೊಳ್ಳುವುದಕ್ಕೂ ಆಗಲಿಲ್ಲ.

ಅಣ್ಣ ತಂಗಿ ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ಟವೆಲಿನ ಕೆಳಗೆ ಏನಾಯಿತು ಅನ್ನುವುದು ಅವರಿಬ್ಬರಿಗೂ ಕಂಡಿರಲಿಲ್ಲ. ಇಲ್ಲೇ ಅಂತಾರೆ ಅಂದಿದ್ದರೆ ಮುಗಿಯುತ್ತಿತ್ತು. ಯಜಮಾನರ ಮುಖ ಅರಳುತ್ತಿತ್ತು, ನಾದಿನಿ ಅತ್ತುಕೊಂಡು ನಾಲ್ಕರ ಬಸ್ಸಿಗೆ ಹೋಗುತ್ತಿದ್ದಳು, ಮಾವ ನನ್ನ ಮನೆಯಲ್ಲೇ ಉಳಿಯುತ್ತಿದ್ದರು. ಅಲ್ಲ ಅನ್ನಲು ಮಾವನಿಗೆ ಬಾಯಿಯಿಲ್ಲ. ಹೇಳಿಬಿಡಲೇ ಅನಿಸಿತು. ಬಹಳ ಅನಿಸಿತು. ಮಾವನೂ ನನ್ನ ಮುಖವನ್ನೇ ನೋಡುತ್ತಿದ್ದರು. ಅವರ ಕಣ್ಣಿನಲ್ಲಿ ಹೆದರಿಕೆಯಾಗಲಿ, ಬೇಡಿಕೆಯಾಗಲಿ ಇರಲಿಲ್ಲ. ತಮ್ಮ ಮಾತು ಹೇಳಿ ಆಯಿತು, ಇನ್ನು ಅದನ್ನು ಇವಳು ಹೇಳುತ್ತಾಳೆ ಅನ್ನುವ ಹಾಗೆ ಸಮಾಧಾನವಾಗಿ ಕೂತಿದ್ದರು.

"ಉಳವಿ ಅಂತಾರೆ" ಅಂದೆ.

ನಾದಿನಿ ಅಪ್ಪನ ಕಾಲ ಬುಡದಲ್ಲಿ ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಯಜಮಾನರು ನನ್ನನ್ನೇ ದಿಟ್ಟಿಸಿದರು. "ಖರೇನಾ? ಸರಿಯಾಗಿ ನೋಡಿದೆಯಾ?" ಅಂದರು.

"ಸುಳ್ಳು ಹೇಳೋದಾಗಿದ್ರೆ ಇಲ್ಲೇ ಇರ್ತಾರೆ ಅಂತಿದ್ದೆನಲ್ರಿ" ಅಂದೆ.

ನನಗೆ ಅಡುಗೆಮನೆಗೆ ಹೋಗಿ ಅತ್ತುಬಿಡಬೇಕು ಅನಿಸಿತು. ಏಳಹೋದೆ. ಮಾವ ಕೈ ಬಿಡಲಿಲ್ಲ.